ಭೂತಮ್ಮ ಮಗಳಿಗೆ ಕೊಟ್ಟ ಹರಳು

ಕಿಬ್ಬನಹಳ್ಳಿ ಕಡೆ ಯಾರ ಮನೆಯಲ್ಲಿ ಕೊಬ್ಬರಿ ಒಡೆಸಬೇಕಾದರೂ ಮೊದಲು ಕೇಳುವುದು, "ಅಂಕಮ್ಮ ಬತ್ತಾಳಾ?" ಅಂತ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯ ಚಿಪ್ಪು ಒಡೆದು, ಒಳಗಿನ ಗಿಟುಕನ್ನು ಇಡಿಯಾಗಿ ತೆಗೆಯಬೇಕು. ಏಟು ಚೂರು ಜಾಸ್ತಿಯಾದರೆ ಗಿಟುಕು ಸೀಳಿ ಒಡಕಿನ ರಾಶಿಗೆ ಹೋಯಿತು. ಅಂಕಮ್ಮ ಮಚ್ಚಿನ ಬೆನ್ನಲ್ಲಿ ಟಕ್ ಟಕ್ ಅಂತ ಸುತ್ತಲೂ ತಟ್ಟಿದಳೆಂದರೆ ಚಿಪ್ಪು ತಾನಾಗಿ ಬಿಟ್ಟುಕೊಳ್ಳುತ್ತಿತ್ತು.

ಅವಳ ಮೂಗಿನಲ್ಲಿ ಒಂದು ಒಂಟಿ ಹರಳಿನ ಮೂಗುಬೊಟ್ಟು. ಅವ್ವ ಭೂತಮ್ಮ ಸಾಯುವ ಮೊದಲು ತನ್ನ ಮೂಗಿನಿಂದ ಬಿಚ್ಚಿ ಕೊಟ್ಟದ್ದು. "ತೋಟ ನಿನ್ನ ತಮ್ಮುಂಗೆ ಇರ್ಲಿ ಕಣವ್ವ. ನಿಂಗೆ ವಜ್ರ ಕೊಟ್ಟೀನಿ, ನಮ್ಮವ್ವ ನಂಗೆ ಕೊಟ್ಟಿದ್ದು" ಅಂದಿದ್ದಳು. ಅಂಕಮ್ಮ ಮರುಮಾತಾಡದೆ ತಮ್ಮ ಮಾಯಣ್ಣನ ಹೆಸರಿಗೆ ತೋಟ ಬಿಟ್ಟುಕೊಟ್ಟು ಸಹಿ ಹಾಕಿದಳು. ತೋಟದ ಮುಂದೆ ಹರಳು ದೊಡ್ಡದೋ ಚಿಕ್ಕದೋ, ಅದನ್ನೆಲ್ಲ ಅವಳು ತೂಗಿ ನೋಡಿದವಳಲ್ಲ. ಅವ್ವ ತನಗೂ ಒಂದು ಪಾಲು ಎತ್ತಿಟ್ಟಿದ್ದಳಲ್ಲ, ಅದೇ ಅವಳಿಗೆ ಸಾಕಾಗಿತ್ತು.

ಈ ಸಲ ಮಾಯಣ್ಣನ ಮೊಮ್ಮಗುವಿನ ನಾಮಕರಣಕ್ಕೆ ಹೋದಾಗ, ತಮ್ಮನ ಹೆಂಡತಿ ಚಿಕ್ಕಗೌರಮ್ಮ ನೆಂಟರ ಮುಂದೆಯೇ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಎಲ್ಲೈತೆ ಅತ್ಗೆ ಇದ್ರಲ್ಲಿ ಹೊಳಪು? ಜಾತ್ರೆ ಗಾಜು ಕಣ್ರೀ ಇದು. ಅತ್ತೆ ನಿಮ್ಗೆ ಚೆನ್ನಾಗಿ ಟೋಪಿ ಹಾಕವ್ರೆ ಬುಡಿ!"

ಹೆಂಗಸರೆಲ್ಲ ನಕ್ಕರು. ಅಂಕಮ್ಮನೂ ನಕ್ಕಳು. ಆದರೆ ಎಲೆಯ ಮೇಲಿನ ಒಬ್ಬಟ್ಟು ಹಾಗೇ ಉಳಿಯಿತು. ಅವ್ವ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡಳಾ? ಹೆಣ್ಣುಮಗಳು ತಾನೇ, ಗಾಜಿಗೂ ಸುಮ್ಮನಾಗುತ್ತಾಳೆ ಅಂದುಕೊಂಡಳಾ?

ಮನೆಗೆ ಬಂದವಳೇ ಮೂಗುಬೊಟ್ಟು ಬಿಚ್ಚಿ, ಹರಳಿನ ಮೊನೆಯನ್ನು ಗೋಡೆಯ ಕನ್ನಡಿಗೆ ಎಳೆದಳು. ಕರ್ರ್ ಅಂತ ಬಿಳೀ ಗೀರು ಬಿತ್ತು. ಗಾಜು ಗೀರುವುದು ವಜ್ರ ಮಾತ್ರ ಅಂತ ಕೇಳಿದ್ದ ಅವಳ ಜೀವ ಮರಳಿ ಬಂದಂತಾಯಿತು. ಮಾರನೇ ದಿನ ತಮ್ಮನ ಊರಲ್ಲೇ ಕೊಬ್ಬರಿ ಒಡೆಯುವಾಗ ಜೊತೆಯವಳಾದ ಸುನಂದಾಗೆ ಇದನ್ನು ಹೇಳಿದರೆ, ಅವಳು ಬದುವಿನಿಂದ ಒಂದು ಬೆಣಚುಕಲ್ಲು ಆರಿಸಿ ತಂದು ಖಾಲಿ ಬಾಟಲಿಗೆ ಉಜ್ಜಿದಳು. ಅದೂ ಗೀರಿತು.

"ನೋಡಕ್ಕ, ಹಂಗಾರೆ ನಮ್ಮ ಹೊಲದ ತುಂಬ ವಜ್ರವೇಯ!"

ತಮಾಷೆಗೆ ಅಂದದ್ದೇ. ಆದರೆ ಅಂಕಮ್ಮನಿಗೆ ತಡೆಯಲಿಲ್ಲ. ಕೈಯಲ್ಲಿದ್ದ ಮಚ್ಚನ್ನೂ ಕೆಳಗಿಡದೆ ನೇರ ತಮ್ಮನ ಮನೆಗೆ ನಡೆದಳು.

"ಯಾಕತ್ಗೆ, ಮಚ್ಚು ಹಿಡ್ಕೊಂಡು ಬಂದಿದೀರ? ನನ್ನೇನಾರ ಕಡಿಯಕ್ಕಾ?" ಅಂದಳು ಚಿಕ್ಕಗೌರಮ್ಮ.

"ಇದು ವಜ್ರ ಅಂತ ನಿಂಗೆ ಹೆಂಗೆ ತೋರ್ಸ್ಬೇಕು ಹೇಳೇ ಗೌರಿ."

"ಮೊಬೈಲ್ನಾಗೆ ನೋಡಿಲ್ವಾ? ವಜ್ರಕ್ಕೆ ಸುತ್ತಿಗೇಲಿ ಹೊಡುದ್ರೂ ಏನೂ ಆಗಲ್ವಂತೆ. ಹೊಡೀರಿ ಮತ್ತೆ."

ಮಾಯಣ್ಣ ಜಗಲಿಯಿಂದ "ಬ್ಯಾಡ ಬುಡಕ್ಕ" ಅನ್ನುವಷ್ಟರಲ್ಲಿ ಅಂಕಮ್ಮ ಮೂಗುಬೊಟ್ಟನ್ನು ಒಗೆಯುವ ಕಲ್ಲಿನ ಮೇಲಿಟ್ಟಾಗಿತ್ತು. ಜೀವಮಾನವೆಲ್ಲ ಏಟಿನ ಅಳತೆ ನೋಡಿದ ಕೈ ಅದು. ಆ ಕೈ ಮೇಲಿನ ನಂಬಿಕೆಯಲ್ಲೇ ಮಚ್ಚಿನ ಬೆನ್ನಿನಿಂದ ಒಂದೇ ಒಂದು ಏಟು ಹಾಕಿದಳು, ಗಿಟುಕಿಗೆ ಹಾಕುವಂಥದ್ದು.

ಹರಳು ಸೀಳಿತು. ನಡುವೆ ಕತ್ತರಿಸಿದ ಹಾಗೆ ಎರಡು ಹೋಳು, ಸುತ್ತ ಸಕ್ಕರೆಯಂಥ ಪುಡಿ.

ಚಿಕ್ಕಗೌರಮ್ಮ ಮೆಲ್ಲಗೆ, "ನಾನು ಹೇಳ್ನಿಲ್ವಾ" ಅಂದಳು. ಈ ಸಲ ಅವಳು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಅಂಕಮ್ಮ ಚೂರುಗಳನ್ನೂ ಹರಳು ಕೂತಿದ್ದ ಚಿನ್ನದ ಗೂಡನ್ನೂ ಬಳಿದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಿಪಟೂರಿಗೆ ಬಸ್ಸು ಹತ್ತಿದಳು. ಅಲ್ಲಿ ಒಡವೆಗೆ ಕಲ್ಲು ಕೂರಿಸುವ ವಹಾಬ್ ಸಾಬರ ಪುಟ್ಟ ಅಂಗಡಿಯಿದೆ. ಚಿನ್ನದ ಗೂಡನ್ನಾದರೂ ನೆಟ್ಟಗೆ ಮಾಡಿಸೋಣ ಅಂತ ಅವಳು ಗಂಟು ಬಿಚ್ಚಿದಳು.

ಸಾಬರು ಕಣ್ಣಿಗೆ ಭೂತಗನ್ನಡಿ ಏರಿಸಿ ತುಂಬ ಹೊತ್ತು ನೋಡಿದರು. ಡಬ್ಬಿಯಿಂದ ಒಂದು ಕೆಂಪು ಹರಳು ತೆಗೆದು, ಒಡೆದ ಹೋಳಿನ ಮೂಲೆಯನ್ನು ಅದರ ಮೇಲೆ ಎಳೆದರು. ಕೆಂಪಿನ ಮೇಲೆ ಗೀರು ಬಿತ್ತು.

"ಅಕ್ಕಾ, ಇದುಕ್ಕೆ ಯಾರು ಹೊಡುದ್ರು?"

"ನಾನೇಯ ಸಾಬ್ರೇ. ಗಾಜಲ್ವಾ?"

"ಗಾಜನ್ನ ಬೆಣಚುಕಲ್ಲು ಗೀರುತ್ತೆ, ಬೆಣಚುಕಲ್ಲನ್ನ ಪಚ್ಚೆ, ಪಚ್ಚೆನ ಕೆಂಪು. ಕೆಂಪನ್ನೇ ಗೀರ್ತಲ್ಲ, ನೋಡಿದ್ರಲ್ಲ? ಈಗಿನ ಮೆಷಿನ್ನಾಗೆ ಮಾಡೋ ಕಲ್ಲು ಅನ್ನೋಣ ಅಂದ್ರೆ ಗೂಡು ನಿಮ್ಮಜ್ಜಿ ಕಾಲದ್ದು. ಹಿಂದುಗಡೆ ಮುಚ್ಚಿ ಕಟ್ಟವ್ರೆ, ಅದುಕ್ಕೇ ಮಂಕಾಗಿತ್ತು. ವಜ್ರವೇ ಕಣಕ್ಕ."

"ವಜ್ರ ಆದ್ರೆ ಯಾಕೆ ಒಡೀತು?"

"ಗೀರೋ ಲೆಕ್ಕ ಬೇರೆ, ಏಟಿನ ಲೆಕ್ಕ ಬೇರೆ. ಸೌದೆ ಎಳೆ ಹಿಡಿದು ಸೀಳಲ್ವಾ? ಇದ್ರೊಳಗೂ ಅಂಥ ಎಳೆ ಐತೆ. ಅಲ್ಲಿಗೆ ಏಟು ಬಿದ್ರೆ ಮುಗೀತು."

ಅಂಕಮ್ಮ ಎರಡು ಹೋಳನ್ನೂ ಒಂದಕ್ಕೊಂದು ಜೋಡಿಸಿ ನೋಡಿದಳು. ಸಾಬರು ಹೇಳುತ್ತಾ ಹೋದರು: ಬೆಲೆ ಕಟ್ಟುವಾಗ ತೂಕ ನೋಡುತ್ತಾರೆ, ನೀರಿನಂಥ ಬಿಳುಪು ನೋಡುತ್ತಾರೆ, ಒಳಗೆ ಕಲೆ ಬಿರುಕು ಇದೆಯಾ, ಹರಳಿನ ಮೈಗೆ ಪಟ್ಟೆ ಹೇಗೆ ಕಡಿದಿದ್ದಾರೆ ಅಂತ ನೋಡುತ್ತಾರೆ. ಅಷ್ಟೇ ತೂಕದ ಚೂರಿನ ಬೆಲೆ ಇಡೀ ಹರಳಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

"ಬೆಲೆ ಮಾತು ಬುಡಿ ಸಾಬ್ರೇ. ಕೂಡ್ಸಕ್ಕೆ ಆಗಲ್ವಾ?"

ಸಾಬರು ಆಗದೆಂದು ತಲೆಯಾಡಿಸಿದರು. "ಅಲ್ಲಾ ಮಾಡಿದ್ದನ್ನ ನಾವೆಲ್ಲಿ ಕೂಡ್ಸೋದಕ್ಕ."

ಅಲ್ಲಿಂದ ಅವಳು ತನ್ನ ಮನೆಗೆ ಹೋಗಲಿಲ್ಲ, ಮತ್ತೆ ತಮ್ಮನ ಮನೆಗೇ ಬಂದಳು. ಸಾಬರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಚಿಕ್ಕಗೌರಮ್ಮ ಕಾಫಿ ತಂದಿಟ್ಟು, "ಇರ್ಬೋದತ್ಗೆ. ಕುಡೀರಿ, ಆರೋಯ್ತದೆ" ಅಂದಳು. ಕಾಯಿಲೆಯವರನ್ನು ಸಮಾಧಾನ ಮಾಡುವ ದನಿ ಅದು. ವಾದಕ್ಕೆ ನಿಂತಿದ್ದರೆ ಅಂಕಮ್ಮನೂ ನಾಲ್ಕು ಮಾತಾಡುತ್ತಿದ್ದಳು. ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದಳು.

ಮಾಯಣ್ಣ ಅವಳನ್ನು ಬಸ್ಸಿನವರೆಗೆ ಬಿಡಲು ಬಂದ. ದಾರಿಯಲ್ಲಿ ಅವಳು ನಿಂತು ಕೇಳಿದಳು:

"ಅವ್ವ ನಂಗೆ ನಿಜವಾದ್ದೇ ಕೊಟ್ಟಿದ್ಲು ಕಣ್ಲಾ. ನೀನು ನಂಬ್ತೀಯಾ?"

"ನಂಬ್ತೀನಿ ಬುಡಕ್ಕ" ಅಂದ. ಅನ್ನುವಾಗ ಅವನ ಕಣ್ಣು ರಸ್ತೆಯ ಕಡೆ ಇತ್ತು, ಬಸ್ಸು ಬಂತೇನೋ ಅಂತ.