ದನದ ಹಲ್ಲು ನೋಡುವವನ ಹಲ್ಲು

ನಾಗನೂರಿನ ಆ ಮನೆಯ ಕಟ್ಟೆಯ ಮೇಲೆ ಅವತ್ತು ನಾಲ್ಕು ಜನ ಇದ್ದೆವು: ಮನೆಯ ಯಜಮಾನ ಅಜ್ಜ, ಅವರ ಹೆಂಡತಿ ಆಯಿ, ಚಹಾದ ಕಪ್ಪು ಹಿಡಿದು ನಿಂತ ಸೊಸೆ, ಮತ್ತು ಬಲಗೆನ್ನೆ ಊದಿಸಿಕೊಂಡ ನಾನು. ಅಂಗಳದಲ್ಲಿ ಮೇವು ಬಿಟ್ಟ ಹೋರಿಯೊಂದು ನಿಂತಿತ್ತು. ಅದರ ಬಾಯಿ ನೋಡಲೆಂದು ನಾನು ಬಂದಿದ್ದೆ. ಮೊದಲು ಬಾಯಿ ತೆರೆದವನು ಮಾತ್ರ ನಾನೇ.

ಪಶು ಇಲಾಖೆಯಲ್ಲಿ ನನ್ನದು ಸಣ್ಣ ನೌಕರಿ. ಊರವರ ಬಾಯಲ್ಲಿ ನಾನು ದನದ ಡಾಕ್ಟರ. ಗೋಕಾಕ, ಮೂಡಲಗಿಯ ಸುತ್ತಿನ ಹಳ್ಳಿಗಳನ್ನು ಬೈಕಿನ ಮೇಲೆ ತಿರುಗುತ್ತ, ದನಗಳ ತುಟಿ ಎತ್ತಿ ‘ಇದು ಎರಡು ಹಲ್ಲಿಂದು, ಇದು ಆರು ಹಲ್ಲಿಂದು, ಇದರ ಬಾಯಿ ಕೂಡಿದೆ, ಎಂಟೂ ಹಲ್ಲು ಬಂದಿವೆ’ ಎಂದು ವಯಸ್ಸು ಹೇಳುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ನನ್ನ ತುಟಿಯನ್ನು ಒಮ್ಮೆಯೂ ಎತ್ತಿ ನೋಡಿಕೊಂಡವನಲ್ಲ. ಹುಕ್ಕೇರಿಯ ನಮ್ಮ ಮುತ್ಯಾ, “ಬೇವಿನ ಕಡ್ಡಿ ಜಗದವಗ ಯಾ ಡಾಕ್ಟರೂ ಬ್ಯಾಡ” ಎನ್ನುತ್ತಿದ್ದರು. ಆ ಮಾತನ್ನು ನಾನು ಉಳಿಸಿಕೊಂಡೆ, ಕಡ್ಡಿಯನ್ನು ಬಿಟ್ಟೆ.

ಹೀಗಾಗಿ ಒಂದು ದಿನ ಗೋಕಾಕಿನ ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಒರಗಬೇಕಾಯಿತು.

“ದಿನಕ್ಕ ಎಷ್ಟ ಸಲ ಚಹಾ ಕುಡೀತೀರಿ?”

“ಹಳ್ಳಿ ಮ್ಯಾಲ ಹೋದ್ರ ಎಂಟ-ಹತ್ತ ಆಗ್ತಾವ್ರಿ. ಬ್ಯಾಡಂದ್ರ ಸಿಟ್ಟಾಗ್ತಾರ.”

“ಅಂಗೀ ಕಿಸೇದಾಗೇನೈತಿ?”

“ಕರದಂಟ್ರಿ.”

ಬೆಲ್ಲ, ಅಂಟು ಹಾಕಿದ ಆ ಜಿಗುಟು ಸಿಹಿಯ ಹೆಸರು ಕೇಳಿದ್ದೇ ಆಕೆ ಕನ್ನಡಿಯನ್ನು ಕೆಳಗಿಟ್ಟಳು. “ಈ ದವಡಿ ಹಲ್ಲ ಉಳೀಬೇಕಂದ್ರ ಇವತ್ತ ಸಿಮೆಂಟ ತುಂಬತೇನಿ. ಆದ್ರ ಕೆಲಸದ ಮ್ಯಾಲಿದ್ದಾಗ ಏನ ತಿಂದ್ರೂ ಕುಡದ್ರೂ ಬಾಯಿ ಮುಕ್ಕಳಸ್ರಿ. ಕರದಂಟ ಬಿಡ್ರಿ. ಇಲ್ಲಾಂದ್ರ ಮುಂದಿನ ಸಲ ಕೀಳೂದ.”

ಕೋಣಕ್ಕೆ ಗೇಣುದ್ದದ ಸೂಜಿ ಚುಚ್ಚುವ ನಾನು ಆ ಕೊನೆಯ ಮಾತಿಗೆ ಕಿಸೆಯ ಕರದಂಟನ್ನು ತೆಗೆದು ಆಕೆಯ ಮೇಜಿನ ಮೇಲಿಟ್ಟೆ.

ಮರುದಿನದಿಂದ ಬೈಕಿನ ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡೆ. ಮೊದಲು ಹೋದದ್ದು ಇದೇ ನಾಗನೂರಿನ ಮನೆಗೆ. ಚಹಾ ಕುಡಿದೆ, ನೆಟ್ಟಗೆ ಅಂಗಳದ ಮೂಲೆಗೆ ಹೋಗಿ ಗಳಗಳ ಮುಕ್ಕಳಿಸಿ ಉಗುಳಿದೆ. ತಿರುಗಿ ನೋಡಿದರೆ ಸೊಸೆಯ ಮುಖ ಸಣ್ಣದಾಗಿತ್ತು. ಮನೆಯ ಆಕಳಿಗೆ ಏನಾದರೂ ಆಗಿದೆಯೇನೋ ಎಂದುಕೊಂಡೆ. ತುಕ್ಕಾನಟ್ಟಿಯ ಎರಡು ಮನೆಗಳಲ್ಲೂ ಹಾಗೆಯೇ ಮಾಡಿ, ಡಾಕ್ಟರಮ್ಮ ನೋಡಿದ್ದರೆ ಮೆಚ್ಚುತ್ತಿದ್ದಳು ಎಂದು ಬೀಗಿದೆ.

ಮೂರನೆಯ ದಿನ ಯಾವ ಮನೆಯಲ್ಲೂ ಚಹಾ ಬರಲಿಲ್ಲ. ಒಬ್ಬ ಹೆಣ್ಣುಮಗಳು ಬಾಗಿಲಲ್ಲೇ ನಿಂತು, “ನಮ್ಮ ಚಹಾ ನಿಮಗ ನಡಿಯಂಗಿಲ್ಲಂತಲ್ರಿ ಸಾಹೇಬ್ರ. ಕುಡದ ಹೋಗಿ ಉಗುಳತೀರಂತ” ಎಂದಳು.

ನಮ್ಮ ಕಡೆ ಬಂದವರಿಗೆ ಚಹಾ ಕೊಡುವುದು ಮನೆಯ ಮರ್ಯಾದೆ. ಅದನ್ನು ಕುಡಿದು ಅವರದೇ ಅಂಗಳದಲ್ಲಿ ಉಗುಳುವುದು ಬೈಗುಳಕ್ಕಿಂತ ದೊಡ್ಡದು. ‘ಹಲ್ಲು ನೋವು’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಊರ ದನಗಳ ಹಲ್ಲು ನೋಡುವವನಿಗೇ ಹಲ್ಲು ಹುಳುಕು ಎಂದರೆ ನಗುವುದಿಲ್ಲವೇ? ಮರ್ಯಾದೆಗೆ ಅಂಜಿ ಬಾಟಲಿಯನ್ನೇ ಮನೆಯಲ್ಲಿ ಬಿಟ್ಟೆ. ಒಂದೊಂದು ಮನೆಯಲ್ಲಿ ನಾನೇ ಕೇಳಿ ಎರಡೆರಡು ಕಪ್ಪು ಕುಡಿದು, “ಚಹಾ ಭಾಳ ಛಲೋ ಆಗೇತಿ” ಎಂದು ಹೊಗಳಿದೆ. ಚಹಾ ಮರಳಿ ಬಂತು. ಅದರ ಹಿಂದೆ ಕರದಂಟೂ ಕಿಸೆಗೆ ಮರಳಿತು.

ತಿಂಗಳೊಪ್ಪತ್ತಿನಲ್ಲಿ ಊದಿದ ಕೆನ್ನೆಯೊಂದಿಗೆ ನಾಗನೂರಿನ ಆ ಕಟ್ಟೆಯ ಮೇಲೆ ಕೂತಿದ್ದೆ. ಹೋರಿಯ ತುಟಿ ಎತ್ತಲು ಎದ್ದು ಬಾಗಿದೆ. “ಅಯ್ಯಯ್ಯೋ” ಎಂಬ ನರಳಾಟ ಕೇಳಿತು. ಹೋರಿಯದಲ್ಲ, ನನ್ನದು.

ಅಜ್ಜ ಎದ್ದು ಬಂದು ನನ್ನ ಗದ್ದ ಹಿಡಿದರು. “ಹೋರಿದ ಆಮ್ಯಾಲ ನೋಡೂಣು. ನೀವ ಬಾಯಿ ತಗೀರಿ.” ಎಷ್ಟೋ ದನದ ಸಂತೆ ಕಂಡ ಕೈ ಅದು. ಹೆಬ್ಬೆರಳನ್ನು ತುಟಿಯ ಮೂಲೆಗೆ ಹಾಕಿ ಇಣುಕಿ ನೋಡಿ, “ಇಂಥಾ ಎತ್ತ ಸಂತಿಗೆ ಹೊಡಕೊಂಡ ಹೋದ್ರ ಯಾರೂ ಹಗ್ಗಾ ಹಿಡಿಯಂಗಿಲ್ಲ ಬಿಡ್ರಿ” ಎಂದರು.

ಇನ್ನು ಮುಚ್ಚಿಡುವುದೇನು? ಡಾಕ್ಟರಮ್ಮ, ಬಾಟಲಿ, ಉಗುಳಿದ ಕಾರಣ ಎಲ್ಲವನ್ನೂ ಹೇಳಿದೆ.

“ಅದಕ್ಕ ಉಗುಳಿದ್ಯಾ?” ಆಯಿ ಹಣೆ ಬಡಿದುಕೊಂಡರು. “ಹಾಲ ಒಡದಿತ್ತೇನೋ ಅಂತ ಎಂಟ ದಿನಾ ಸೊಸೀನ ಬೈದ್ನಲ್ಲೋ!”

“ಹಲ್ಲ ನಿಮ್ದು, ಬೈಸಿಕೊಂಡಾಕಿ ನಾನು” ಎಂದಳು ಸೊಸೆ.

“ಹಲ್ಲ ನೋವಂತ ಒಂದ ಮಾತ ಹೇಳಾಕ ಬಾಯಾಗೇನಿತ್ತೋ ತಮ್ಮಾ ನಿನಗ?” ಎಂದರು ಆಯಿ.

“ಕರದಂಟ” ಎಂದರು ಅಜ್ಜ, ನನ್ನ ಕಿಸೆಯ ಕಡೆ ನೋಡುತ್ತ.

ಹೋರಿಯ ವಸಡಿನಲ್ಲಿ ಜಾಲಿಮುಳ್ಳು ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು, ಹೊಳ್ಳಿ ನೋಡದೆ ಗೋಕಾಕಿಗೆ ಹೋದೆ. ಡಾಕ್ಟರಮ್ಮ ಒಂದೇ ಮಾತು ಹೇಳಿದಳು: “ತಡಾ ಮಾಡಿದ್ರಿ.” ಹಲ್ಲು ಕಿತ್ತು ಹತ್ತಿಯಲ್ಲಿ ಸುತ್ತಿ ಕೈಗೆ ಕೊಟ್ಟಳು.

ಮುಂದಿನ ವಾರ ನಾಗನೂರಿಗೆ ಹೋದಾಗ ಹೋರಿ ಮೇವು ತಿನ್ನುತ್ತಿತ್ತು. ಸೊಸೆ ಚಹಾ ತಂದಳು, ಬಾಜೂಕ್ಕೆ ಒಂದು ತಂಬಿಗೆ ನೀರನ್ನೂ ಇಟ್ಟಳು. ಎಲ್ಲರೆದುರು ಕುಡಿದು, ಎಲ್ಲರೆದುರು ಮುಕ್ಕಳಿಸಿದೆ. ಕಿತ್ತ ಹಲ್ಲು ಎಲ್ಲಿ ಎಂದು ಆಯಿ ಕೇಳಿದರು. ಕಿಸೆಯಲ್ಲೇ ಇತ್ತು, ಕೊಟ್ಟೆ. ಅವರು ಅದನ್ನು ಹಾಲುಹಲ್ಲು ಬಿದ್ದ ಮಕ್ಕಳಿಗೆ ಮಾಡುವಂತೆ ಸಗಣಿ ಉಂಡೆಯಲ್ಲಿ ಒತ್ತಿ, ದನದ ಕೊಟ್ಟಿಗೆಯ ತಗಡಿನ ಮೇಲೆ ಎಸೆದರು.