ಮೈನಸ್ ಐದು ಮುಂದು

ಜಯತೀರ್ಥನ ಮನೆಯ ಉಗ್ರಾಣಕ್ಕೆ ಬಾಗಿಲಿರಲಿಲ್ಲ. ಇದ್ದ ಬಾಗಿಲನ್ನು ಅವನೇ ಕಿತ್ತು, ಪಡಸಾಲೆಯಲ್ಲಿ ಎರಡು ಹಳೆಯ ಟ್ರಂಕುಗಳ ಮೇಲೆ ಮಲಗಿಸಿ, ಅದರ ಮೇಲೆ ತನ್ನ ಕಾರಖಾನೆ ಹೂಡಿದ್ದ. ಒಳಗಿನ ಜೋಳದ ಚೀಲ, ಉಪ್ಪಿನಕಾಯಿ ಭರಣಿಗಳೆಲ್ಲ ಬಂದವರ ಕಣ್ಣಿಗೆ ಬೀಳುತ್ತಿದ್ದವು. ಹೆಂಡತಿ ಮಥುರಾಬಾಯಿ ತನ್ನ ಹಳೆಯ ಸೀರೆಯೊಂದನ್ನು ಪರದೆಯಾಗಿ ಇಳಿಬಿಟ್ಟು ಆ ಪ್ರಸಂಗ ಮುಗಿಸಿದ್ದಳು.

ಅವನ ಅಪ್ಪ ಆಂಧ್ರದ ಗಡಿಯ ಈ ಆದೋನಿಯ ಮಠದಲ್ಲಿ ಪುರಾಣ ಹೇಳಿ ಹೋದವರು. ಮಗನಿಗೆ ಪುರಾಣ ಒಲಿಯಲಿಲ್ಲ, ರೇಡಿಯೋ ಒಲಿಯಿತು. ಆದರೂ ಊರು ಅವನನ್ನು ಆಚಾರ್ರು ಎಂದೇ ಕರೆಯುತ್ತಿತ್ತು. ಬೆಸುಗೆಯ ಹೊಗೆ ಕುಡಿದು ಕೆಮ್ಮುತ್ತ ಕೂತ ಆಚಾರ್ರನ್ನು ಕಂಡು ನಗುತ್ತಲೇ, ಕೆಟ್ಟ ಟ್ರಾನ್ಸಿಸ್ಟರು ಬಗಲಲ್ಲಿಟ್ಟುಕೊಂಡು ಅವನ ಬಾಗಿಲಿಗೇ ಬರುತ್ತಿತ್ತು.

ಎಂಬತ್ತೈದನೇ ಇಸವಿಯಲ್ಲಿ ಸ್ಟೇಷನ್ ರಸ್ತೆಯ ದಸ್ತಗಿರಿ ಎಂಬವನು ಬೊಂಬಾಯಿಂದ ರೈಲಿನಲ್ಲಿ ಎರಡು ವಿಡಿಯೋ ಗೇಮ್ ಪೆಟ್ಟಿಗೆ ತರಿಸಿ ಅಂಗಡಿ ತೆರೆದ. ಹತ್ತಿ ದಲಾಲರು, ಮಿಲ್ಲಿನ ಗುಮಾಸ್ತರು ಸಹ ಪಂಚೆ ಎತ್ತಿ ಕಟ್ಟಿ ಗುಂಡು ಹಾರಿಸುವ ಆಟಕ್ಕೆ ನಿಂತರು. ಪೆಟ್ಟಿಗೆ ಕೆಟ್ಟರೆ ಒಳಗಿನ ಬೋರ್ಡನ್ನು ಬೊಂಬಾಯಿಗೆ ಪಾರ್ಸೆಲ್ ಮಾಡಬೇಕು. ಹೋದದ್ದು ಎರಡು ತಿಂಗಳಾದರೂ ಬರುತ್ತಿರಲಿಲ್ಲ. ಹಾಗಾಗಿ ಒಂದು ದಿನ ದಸ್ತಗಿರಿ ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು, "ಆಚಾರ್ರೇ, ನೀವs ನೋಡ್ರಿ" ಎಂದ.

ನೋಡುವುದೇನೋ ಸರಿ, ಪೆಟ್ಟಿಗೆಯಿಂದ ಹೊರಗೆ ಬಂದ ಬೋರ್ಡಿಗೆ ಕಣ್ಣಿಲ್ಲ, ಬಾಯಿಲ್ಲ. ಅದಕ್ಕೆ ಕರೆಂಟು ಕೊಡಲು, ಚಿತ್ರ ನೋಡಲು, ಗುಂಡಿ ಒತ್ತಲು ಏನಾದರೂ ಬೇಕು. ಬಾಗಿಲು ಕಿತ್ತದ್ದು ಆಗಲೇ. ಚಿತ್ರಕ್ಕೆ ಒಂದು ಹಳೆಯ ಕಪ್ಪು-ಬಿಳುಪು ಟಿವಿ ಬಿಚ್ಚಿಟ್ಟ. ಆಟದ ಗುಂಡಿಗಳ ಬದಲು ಮನೆಗಳ ಕರೆಗಂಟೆಯ ಐದು ಒತ್ತುಗುಂಡಿ. ಕರೆಂಟಿಗೆ ಟ್ರಾನ್ಸ್‌ಫಾರ್ಮರು ಸುತ್ತಿಸಿ ಮೂರು ಸ್ವಿಚ್ಚು ಹಚ್ಚಿದ: ಐದು ವೋಲ್ಟು, ಹನ್ನೆರಡು ವೋಲ್ಟು, ಮೈನಸ್ ಐದು ವೋಲ್ಟು. ಬೋರ್ಡಿನ ಅಂಚು ಕಚ್ಚುವ ಹಲ್ಲಿನ ಪಟ್ಟಿಗೆ ನಲವತ್ತನಾಲ್ಕು ತಂತಿ ಬೆಸೆಯಬೇಕಿತ್ತು, ಒಂದು ಇನ್ನೊಂದಕ್ಕೆ ತಾಗದಂತೆ.

ಆ ನಲವತ್ತನಾಲ್ಕನ್ನೂ ಬೆಸೆದವಳು ಮಥುರಾಬಾಯಿ. ಲಿಂಗಸುಗೂರಿನ ಹುಡುಗಿ, ಮದುವೆಯಾಗಿ ಬಂದು ಒಂದೂವರೆ ವರ್ಷ. ಅವನು ಏಳನೇ ತಂತಿಗೆ ಬೈಯುತ್ತ ಕೂತಿದ್ದಾಗ ಅವಳು ಬಗ್ಗಿ ನೋಡಿ, "ಕೊಡ್ರಿ ಇಲ್ಲಿ" ಎಂದಿದ್ದಳು. ಹೂಬತ್ತಿ ಹೊಸೆದು ಪಳಗಿದ ಬೆರಳು. ಒಂದೊಂದು ತುದಿಗೂ ಒಂದೊಂದು ಹನಿ ಸೀಸ, ಹೆಚ್ಚಿಲ್ಲ ಕಡಿಮೆಯಿಲ್ಲ. ಬೆಸುಗೆ ಹಿಡಿಯದ ಕಡೆ ಬಣ್ಣ ಮಂಕಾಗುತ್ತದೆಂಬುದನ್ನು ಅವನು ಕಲಿಸುವ ಮೊದಲೇ ಕಂಡುಕೊಂಡಿದ್ದಳು. ಆಮೇಲಿಂದ ದಿನಾ ಮಧ್ಯಾಹ್ನ ಅಡುಗೆಮನೆ ತೊಳೆದು ಬಂದು ಬಾಗಿಲ ಹಲಗೆಯ ಎದುರು ಕೂತಳು. ಅವನು ಟಿವಿಯ ಹಿಂದೆ ಮೀಟರು ಹಿಡಿದರೆ, ಇವಳು ಮುಂದೆ ಸ್ವಿಚ್ಚು ಹಾಕಿ ಪರದೆಯ ಮೇಲೆ ಏನು ಬಂತೆಂದು ಹೇಳಬೇಕು. ಮೊದಲ ಬೋರ್ಡು ರಿಪೇರಿಯಾದ ದಿನ, ಸರಿಯಾಗಿದೆಯೋ ಇಲ್ಲವೋ ನೋಡುವ ನೆಪದಲ್ಲಿ ಒಂದು ಗಂಟೆ ಅವಳೇ ಆಡಿದಳು. ಮನೆಯಲ್ಲಿ ಅವಳು ಅಷ್ಟು ನಕ್ಕಿದ್ದು ಅದೇ ಮೊದಲು.

ದಸ್ತಗಿರಿ ಹಲ್ಲಿನ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಏನ್ ಕೈರಿ ಆಚಾರ್ರೇ ನಿಮ್ದು, ಮಷೀನ್ ಮಾಡಿದಂಗ ಐತಿ" ಎಂದಾಗ ಜಯತೀರ್ಥ ಸುಮ್ಮನೆ ನಕ್ಕ. ಅದು ಸುಳ್ಳೇನಲ್ಲ ಎಂದು ಆಗ ಅನ್ನಿಸಿತ್ತು. ನಗುವುದರಲ್ಲಿ ಎಂಥ ಸುಳ್ಳು.

ಎರಡನೇ ಪೆಟ್ಟಿಗೆ ಕೆಟ್ಟದ್ದು ಮಾಘದಲ್ಲಿ. ಅದರ ಬೋರ್ಡು ಹಳೆಯ ಕಾಲದ್ದು, ಸಾಲಾಗಿ ಹದಿನಾರು ಮೆಮೊರಿ ಚಿಪ್ಪು. ಹೈದರಾಬಾದಿನಲ್ಲಿದ್ದ ಮೆಕ್ಯಾನಿಕ್ ನರಸಣ್ಣನಿಗೆ ಕೇಳಿ ಬರೆದಿದ್ದಕ್ಕೆ ತೆಲುಗಿನಲ್ಲಿ ಉತ್ತರ ಬಂತು. ಈ ಚಿಪ್ಪಿಗೆ ಎಲ್ಲಕ್ಕಿಂತ ಮೊದಲು ಮೈನಸ್ ಐದು ತಲುಪಬೇಕು, ಅದಿಲ್ಲದೆ ಹನ್ನೆರಡು ಬಿದ್ದರೆ ಸುಟ್ಟುಹೋಗುತ್ತದೆ ಎಂದು ಬರೆದು, ಕೊನೆಗೆ ಮತ್ತೊಮ್ಮೆ 'ಮೈನಸ್ ಐದು ಮುಂದು' ಎಂದು ಅಡಿಗೆರೆ ಎಳೆದಿದ್ದ. ಜಯತೀರ್ಥ ಓದಿದ್ದು ತೆಲುಗು ಶಾಲೆಯಲ್ಲಿ. ಆ ಮೂರು ಮಾತು ಅವನ ತಲೆಯಲ್ಲಿ ಹಾಗೇ ಕೂತವು.

ಅಂದು ಮಧ್ಯಾಹ್ನ ಟಿವಿಯ ಹಿಂದಿನಿಂದ ಕೂಗಿದ: "ಹಾಕು. ನೆನಪಿರಲಿ, ಮೈನಸ್ ಐದು ಮುಂದು."

"ಹೂಂ ರಿ," ಎಂದಳು ಮಥುರಾಬಾಯಿ. ಐದು ಹಾಕಿದಳು, ಹನ್ನೆರಡು ಹಾಕಿದಳು. ಮೂರನೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾದಳು.

ವಾಸನೆ ಮೊದಲು ಬಂದದ್ದು ಅವನಿಗೆ. ಪ್ಲಗ್ಗು ಕೀಳುವಷ್ಟರಲ್ಲಿ ಚಿಪ್ಪುಗಳು ಕೈಯಿಡಲಾರದಷ್ಟು ಕಾದಿದ್ದವು.

"ಮೈನಸ್ ಐದು ಮುಂದು ಅಂದಿದ್ದಿಲ್ಲೇನು ನಾನು?"

"ಅಂದಿದ್ರಿ. ನೀವು ಹೇಳಿದಂಗs ಮಾಡೀನ್ರಿ."

"ಹೇಳಿದಂಗ ಮಾಡಿದ್ರ ಹಿಂಗ್ಯಾಕ ಸುಡ್ತಿತ್ತು? ಬಿಡು, ನಿನಗ ತಿಳಿಯೋ ಕೆಲಸ ಅಲ್ಲ ಇದು."

ಅವಳು ಎದ್ದು ಉಗ್ರಾಣದೊಳಗೆ ಹೋದಳು. ಸಂಜೆ ದಸ್ತಗಿರಿ ಬಂದಾಗಲೂ ಅಲ್ಲೇ ಇದ್ದಳು. ಜಯತೀರ್ಥನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೇಳಿದ: "ನಮ್ಮಾಕಿ ಕೈ ಹಚ್ಚಿ ಸುಟ್ಟಳು ದಸ್ತಗಿರಿ. ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ." ಬೇಡ ಎಂದು ಅವನು ಎಂದೂ ಅಂದಿರಲಿಲ್ಲ. ಸೀರೆಯ ಪರದೆ ಒಂದಿಷ್ಟೂ ಅಲುಗಲಿಲ್ಲ. ಮರುದಿನ ದಸ್ತಗಿರಿಯ ಅಂಗಡಿಯಲ್ಲಿ ಅದನ್ನೇ ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳಿದ. ಎಲ್ಲರೂ ನಕ್ಕರು, ಅವನೂ ನಕ್ಕ.

ಊರಿಗೆ ಅಷ್ಟು ಸಾಕಾಯಿತು. ಬಜಾರಿನಲ್ಲಿ ಯಾರದಾದರೂ ಫ್ಯೂಸು ಹೋದರೆ, "ಏನಪಾ, ಆಚಾರ್ರ ಮನಿಯವರು ಬಂದಿದ್ರೇನು?" ಎಂಬ ಮಾತು ಹುಟ್ಟಿತು. ಅದು ತಿರುಗಾಡಿ ಮಠದ ಹೆಂಗಸರನ್ನೂ ಮುಟ್ಟಿತು. ಅಲ್ಲೊಬ್ಬ ಮುದುಕಿ, "ನಮ್ಮ ಮಿಕ್ಸರ್ ಮಾತ್ರ ಮುಟ್ಟಬ್ಯಾಡವ್ವ" ಎಂದು ಮಥುರಾಬಾಯಿಯ ಕೆನ್ನೆ ಹಿಂಡಿದಳಂತೆ. ಮಥುರಾಬಾಯಿ ಮನೆಗೆ ಬಂದು ಯಾರನ್ನೂ ದೂರಲಿಲ್ಲ. ಆದರೆ ಹಲಗೆಯ ಕೆಳಗೆ ಕಸ ಗುಡಿಸುವ ಮೊದಲು ಕೂಡ, "ಇಲ್ಲಿ ಬರಲೇನ್ರಿ?" ಎಂದು ಕೇಳತೊಡಗಿದಳು. ತನ್ನ ಮನೆಯಲ್ಲೇ ಅವಳು ಹಾಗೆ ಕೇಳುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ತಪ್ಪು ಅವಳದೇ ಎಂದು ನಂಬಿದ್ದಾಗಲೇ ಇಷ್ಟು ಕಷ್ಟವಾಗಿತ್ತು.

ನಂಬಿಕೆ ಮುರಿದದ್ದು ಮೊಸರಿನಿಂದ. ಹಳೆಯ ಮೊಸರಿನವಳು ಕೆಲಸಕ್ಕೆಂದು ಊರು ಬಿಟ್ಟು ಹೋದಳೆಂದು ಆ ವಾರ ರಾಮಲಕ್ಷ್ಮಿ ಎಂಬ ಹೊಸಬಳು ಬರುತ್ತಿದ್ದಳು. ಅವಳದು ಪೂರಾ ತೆಲುಗು. ಗಡಿಗೆ ಇಳಿಸಿ, "ಮುಂದು ಗಿನ್ನೆ ತೇ ಅಮ್ಮಾ" ಎಂದಳು. ಗಿನ್ನೆ ಎಂದರೆ ಬಟ್ಟಲು, ಅಷ್ಟು ತೆಲುಗು ಮಥುರಾಬಾಯಿಗೆ ಬಂದಿತ್ತು.

"ಹೂಂ, ಮುಂದ ತರ್ತೀನಿ. ಮೊದಲ ಮಸರು ಅಳಿ."

"ಗಿನ್ನೆ ತೇ ಅಮ್ಮಾ, ಮುಂದು."

"ಅದನ್ನs ಹೇಳಾಕತ್ತೀನಿ, ಆಮ್ಯಾಲ ತರ್ತೀನಿ ಅಂತ."

ರಾಮಲಕ್ಷ್ಮಿ ಬಿದ್ದು ಬಿದ್ದು ನಕ್ಕಳು. "ಮುಂದು ಅಂಟೆ ಮೊದಲು, ಅಮ್ಮಾ. ಗಿನ್ನೆ ಲೇಕುಂಡ ಪೆರುಗು ನೀ ಚೇತಿಲೋ ಪೊಯ್ಯಾಲಾ?" ಬಟ್ಟಲಿಲ್ಲದೆ ಮೊಸರನ್ನು ನಿನ್ನ ಕೈಯಲ್ಲಿ ಹುಯ್ಯಲೇನು ಎಂದು.

ಒಳಗೆ ಜಯತೀರ್ಥನ ಕೈಯಲ್ಲಿದ್ದ ಬೆಸುಗೆಯ ಕಾದ ಕಡ್ಡಿ ಹಾಗೇ ನಿಂತಿತು. ತೆಲುಗಿನ ಮುಂದು ಎಂದರೆ ಮೊದಲು. ಲಿಂಗಸುಗೂರಿನ ಮುಂದ ಎಂದರೆ ಆಮೇಲೆ. ಅವಳು ಕಿವಿಗೆ ಬಿದ್ದದ್ದನ್ನು ಅಕ್ಷರಶಃ ಪಾಲಿಸಿದ್ದಳು. ಮೂರನೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾದದ್ದು ಅವನ ಮಾತಿಗೇ. ಮಥುರಾಬಾಯಿ ಬಟ್ಟಲಿಗೆಂದು ಒಳಗೆ ಬಂದು, ಒಂದು ಗಳಿಗೆ ಹಲಗೆಯ ಕಡೆ ನೋಡಿ, ಅಡುಗೆಮನೆಗೆ ಹೋದಳು. ಅವಳಿಗೆ ಹೊಳೆಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಹೊಳೆಯದಿರಲಿ ದೇವರೇ ಎಂದು ಬೇಡಿಕೊಂಡ. ಆಮೇಲೆ ತಾನು ಬೇಡಿಕೊಂಡದ್ದೇನೆಂದು ನೆನೆದು ಕುಗ್ಗಿದ.

ಹನ್ನೊಂದು ದಿನ ಸುಮ್ಮನಿದ್ದ. ನಾಳೆ ಹೇಳೋಣ ಎಂದುಕೊಂಡ, ಏಕಾದಶಿ ಕಳೆಯಲಿ ಎಂದುಕೊಂಡ. ಅವಳು ಊಟಕ್ಕೆ ಬಡಿಸುವಾಗ ತಲೆ ಎತ್ತುತ್ತಿರಲಿಲ್ಲ. ಹನ್ನೆರಡನೆಯ ದಿನ ಹೊಸ ಚಿಪ್ಪುಗಳು ಟಪಾಲಿನಲ್ಲಿ ಬಂದವು. ಕೂತು ಒಂದೊಂದಾಗಿ ಮೂರು ಚಿಪ್ಪು ಬೆಸೆದ. ಕಸಬರಿಗೆ ಹಿಡಿದು ದೂರದಲ್ಲೇ ನಿಂತಿದ್ದ ಮಥುರಾಬಾಯಿ ಮೆಲ್ಲಗೆ ಅಂದಳು: "ಮೂರನೇದರಾಗ ಎರಡು ಕಾಲು ಕೂಡ್ಯಾವ್ರಿ."

ಅಷ್ಟು ದೂರದಿಂದ ಕಂಡಿತ್ತು ಅವಳಿಗೆ. ಹತ್ತಿರ ಮಾತ್ರ ಬರಲಿಲ್ಲ. ಜಯತೀರ್ಥ ಕಡ್ಡಿ ಕೆಳಗಿಟ್ಟ.

"ಆವತ್ತು ಸುಟ್ಟಿದ್ದು ನೀ ಅಲ್ಲ. ನಾ ತೆಲುಗಿನಾಗ ಅಂದೆ, ನೀ ಕನ್ನಡದಾಗ ಕೇಳಿದಿ. ತಪ್ಪು ನಂದು."

"ಗೊತ್ತೈತ್ರಿ," ಎಂದಳು. "ಮಸರಿನ ದಿನಾನs ಗೊತ್ತಾತು. ಹನ್ನೊಂದು ದಿನ ಆತು, ನೀವು ಹೇಳ್ತೀರಂತ ಕಾದೆ." ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ನನಗ ಹೇಳಿದ್ರಿ. ಅವರಿಗೆ?"

"ದಸ್ತಗಿರಿಗೆ? ಹೇಳ್ತೀನಿ. ಮುಂದ ಹೇಳ್ತೀನಿ."

"ಯಾವ 'ಮುಂದ' ರಿ? ತೆಲುಗಿಂದೋ, ಕನ್ನಡದ್ದೋ?"

ಅವನು ಮೊಳೆಗೆ ನೇತಿದ್ದ ಅಂಗಿ ತೆಗೆದುಕೊಂಡು ಹೊರಬಿದ್ದ. ಅಂಗಡಿಯಲ್ಲಿ ಏಳೆಂಟು ಜನ. ಉಳಿದ ಒಂದೇ ಪೆಟ್ಟಿಗೆ ಗುಂಡಿನ ಸದ್ದು ಮಾಡುತ್ತಿತ್ತು. ಜಯತೀರ್ಥ ದಸ್ತಗಿರಿಯನ್ನು ಮೂಲೆಗೆ ಕರೆದು, ಆ ಸದ್ದಿನ ಮರೆಯಲ್ಲಿ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದ. ದಸ್ತಗಿರಿ, "ಪಾಪ ಅಕ್ಕಾರಿಗೆ ನಾನೂ ನಕ್ಕೀನಲ್ರಿ" ಎಂದ. ಜಯತೀರ್ಥನಿಗೆ ಎದೆಯ ಭಾರ ಇಳಿದಂತಾಯಿತು. ಬೇಗ ಬೇಗ ಮನೆಗೆ ನಡೆದ.

ಮಥುರಾಬಾಯಿ ಹಲಗೆಯ ಎದುರೇ ನಿಂತಿದ್ದಳು. ಇನ್ನೂ ಕೂತಿರಲಿಲ್ಲ.

"ಹೇಳಿ ಬಂದೆ," ಎಂದ.

"ಎಲ್ಲರ ಮುಂದ ಹೇಳಿದ್ರೇನ್ರಿ?"

ನಗೆಯಾಡಿದ್ದು ಅಂಗಡಿ ತುಂಬ ಜನರ ಮುಂದೆ. ತಪ್ಪೊಪ್ಪಿದ್ದು ಒಬ್ಬನ ಕಿವಿಯಲ್ಲಿ. ಅವಳು ಬೆಸೆದ ನಲವತ್ತನಾಲ್ಕು ತಂತಿಯ ಮಾತಂತೂ ನೆನಪೇ ಆಗಿರಲಿಲ್ಲ. ಅವಳು ಉಗ್ರಾಣದ ಪರದೆ ಸರಿಸಿ ಒಳಗೆ ಹೊರಟಳು.

"ನಿಲ್ಲು," ಎಂದ ಜಯತೀರ್ಥ. ಆ ಹಲ್ಲಿನ ಪಟ್ಟಿಯನ್ನು ತಂತಿಗಳ ಸಮೇತ ಬಿಚ್ಚಿ ಬಗಲಲ್ಲಿಟ್ಟುಕೊಂಡು, ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿ ಬಿಸಿಲಿಗೆ ಇಳಿದ. ಈ ಸಲ ಅಂಗಡಿಗೆ ಹೋದವನೇ ಮೊದಲು ಆ ಪೆಟ್ಟಿಗೆಯ ಪ್ಲಗ್ಗು ಕಿತ್ತ. ಆಡುತ್ತಿದ್ದವರೆಲ್ಲ ತಿರುಗಿ ನೋಡಿದರು.