ಏಳನೆಯ ದಿನದ ಸಾಲು

ಆ ಹಾಡನ್ನು ಬರೆದುಕೊಂಡವಳು ನಾನು. ಅದನ್ನು ಮೊದಲೇ ಹೇಳಿಬಿಡಬೇಕು.

ಹರಿಯಬ್ಬೆ ಕಡೆಯ ನಮ್ಮ ಕುರಿಗಾಹಿಗಳ ಹಟ್ಟಿಯಲ್ಲಿ, ಯಾರೇ ಹೆತ್ತರೂ ಅಜ್ಜಿ ಹೋಗಿ ಕುಲದ ತಾಯಿಯ ಕಥೆ ಹಾಡುತ್ತಿದ್ದಳು. ಎದುರಿಗೆ ಕೂತ ಬಾಣಂತಿಗೆ ತಕ್ಕಂತೆ ಕಥೆ ಬದಲಾಗುತ್ತಿತ್ತು. ಒಬ್ಬಳ ಹಾಡಿನಲ್ಲಿ ತಾಯಿ ಕುರಿರೊಪ್ಪದ ಪಕ್ಕ ಹೆತ್ತಳು, ಇನ್ನೊಬ್ಬಳ ಹಾಡಿನಲ್ಲಿ ಹೊಂಗೆಯ ನೆರಳಿನಲ್ಲಿ. ನಾನು ಒಂದೇ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಬರೆದು, ಹೊಸದುರ್ಗದಲ್ಲಿ ಸಣ್ಣ ಪುಸ್ತಕ ಮಾಡಿಸಿದೆ. ಆ ದಿನದ ಹಾಡಿನಲ್ಲಿ ತಾಯಿ ಹಟ್ಟಿಯಾಚೆ ಜಾಲಿಮರದ ಕೆಳಗೆ ಮೂರು ತಿಂಗಳು ಕೂಸಿನೊಂದಿಗೆ ಇದ್ದಳು. ಚೆಂದದ ಸಾಲು ಅನ್ನಿಸಿತ್ತು.

ಬಾಣಂತಿಯರನ್ನು ಹೊರಗಿಡುವುದು ನಮ್ಮಲ್ಲಿ ಆ ಹೊತ್ತಿಗೆ ಕಡಿಮೆಯಾಗಿತ್ತು. ಅಣ್ಣ ಪುಸ್ತಕಕ್ಕೆ ವಿಭೂತಿ ಹಚ್ಚಿ ದೇವರ ಪೆಟ್ಟಿಗೆಯಲ್ಲಿಟ್ಟ. ಅತ್ತಿಗೆ ಹಿರಿಯೂರಿನ ಆಸ್ಪತ್ರೆಯಿಂದ ಕೂಸನ್ನು ತಂದ ದಿನ, ಆಟೋವನ್ನು ಜಾಲಿಮರದ ಹತ್ತಿರವೇ ನಿಲ್ಲಿಸಿದ. ಸೋಗೆ, ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಆಗಲೇ ಸಿದ್ಧವಿತ್ತು.

"ಇದೇನಣ್ಣ?" ಅಂದೆ.

"ಬುಕ್ಕಿನಾಗೆ ಐತೆ. ನೀನೇ ಬರೆದಿದ್ದಲ್ಲೇನೆ?"

ಪಾಠ ಮಾಡಲು ಶಾಲೆಗೆ ಹೋಗುವ ಮುಂಚೆ ಪ್ರತಿದಿನ ಅಲ್ಲಿಗೆ ಹೋಗುತ್ತಿದ್ದೆ. ಮಂಜಿನಲ್ಲಿ ಗುಡ್ಡದ ಗಾಳಿಯಂತ್ರಗಳ ಕಂಬ ಕಾಣುತ್ತಿರಲಿಲ್ಲ. ರೆಕ್ಕೆಗಳು ಮಾತ್ರ ಒಂದೊಂದಾಗಿ ಇಳಿದು ಮತ್ತೆ ಮಾಯವಾಗುತ್ತಿದ್ದವು. ಆ ಬಿಳುಪಿನೊಳಗೆ ಅತ್ತಿಗೆ ಕೂತಿದ್ದುದು ನಾನೇ ಬರೆದ ಪುಟದೊಳಗೆ ಕೂತ ಹಾಗಿತ್ತು. ಕೂಗಿದರೂ ಕೇಳಿಸದಷ್ಟು ದೂರ.

ಏಳನೆಯ ಬೆಳಿಗ್ಗೆ ಜಿಟಿಜಿಟಿ ಮಳೆ. ಕೂಸು ಮೊಲೆ ಹಿಡಿಯುತ್ತಿರಲಿಲ್ಲ. ಪಾದ ಮುಟ್ಟಿದೆ, ತಣ್ಣಗಿತ್ತು.

ಓಡಿಹೋಗಿ ಅಜ್ಜಿಯನ್ನು ಕರೆತಂದೆ. ಅವಳು ಕೂಸನ್ನು ಒಮ್ಮೆ ನೋಡಿದಳು, ಗುಡಿಸಲ ಬಾಗಿಲಲ್ಲೇ ನಿಂತು ಹಾಡಲು ತೊಡಗಿದಳು. ಏಳನೇ ದಿನ ಮಳೆ ಬಂತು, ತಾಯಿ ಕೂಸನ್ನು ಸೆರಗಿನೊಳಗೆ ಕಟ್ಟಿಕೊಂಡು ಒಳಮನೆಗೆ ನಡೆದಳು ಎಂದು. ಅತ್ತಿಗೆ ಎದ್ದಳು. ಹಾಡು ಮುಂದೆ, ಅವಳು ಹಿಂದೆ, ನಿದ್ದೆಯಲ್ಲಿ ನಡೆವವಳಂತೆ.

ಅಣ್ಣ ಮನೆಯ ಹೊಸ್ತಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದ. ಒಂದೊಂದೇ ಪುಟ ತಿರುವಿ ಹುಡುಕಿದ.

"ಇದು ಇದ್ರಾಗೆ ಇಲ್ಲ ಕಣಜ್ಜಿ."

"ಅದು ಅವತ್ತಿನ ಹಾಡು ಕಣ್ಲೇ. ಇದು ಇವತ್ತಿಂದು. ತಾಯಿ ಏನು ನಿನ್ನ ಬುಕ್ಕಿನಾಗೆ ಬಾಡಿಗೆಗೆ ಇದಾಳಾ? ಸರಿ ಅತ್ಲಾಗೆ!"

ಅವನು ಸರಿಯಲಿಲ್ಲ. ನನ್ನ ಕಡೆ ತಿರುಗಿದ. "ಬರ್ಕೊಡು. ಬರ್ದಿದ್ರೆ ಬಿಡ್ತೀನಿ."

ಬ್ಯಾಗಿನಿಂದ ಪೆನ್ನು ತೆಗೆದೆ. ಕೊನೆಯ ಖಾಲಿ ಹಾಳೆಯಲ್ಲಿ ಅಜ್ಜಿ ಹಾಡಿದ್ದನ್ನು ಹಾಡಿದಂತೆಯೇ ಬರೆದೆ. ಮಳೆಹನಿ ಬಿದ್ದು ಒಂದು ಅಕ್ಷರ ಕದಡಿತು. ಅಣ್ಣ ಮೂರು ಸಲ ಓದಿದ. ಆಮೇಲೆ ದಾರಿ ಬಿಟ್ಟ. ಒಲೆಯ ಮುಂದೆ ಕೂತ ಅತ್ತಿಗೆಯ ಎದೆಗೆ ಒರಗಿ ಕೂಸು ಬೆಚ್ಚಗಾಯಿತು. ಬಹಳ ಹೊತ್ತಿನ ಮೇಲೆ ಹಾಲು ಕುಡಿಯಿತು. ಅದೇ ಮಧ್ಯಾಹ್ನ ಹಿರಿಯೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು.

ಆ ಕೂಸು ಈಗ ಅಂಗಳದಲ್ಲಿ ಓಡಾಡುತ್ತದೆ. ಅಜ್ಜಿ ಇಲ್ಲ. ಹೋದ ತಿಂಗಳು ಪಕ್ಕದ ಮನೆಯ ಸೊಸೆ ಹೆತ್ತಳು. ಪುಸ್ತಕದಲ್ಲಿದೆ ಎಂದು ಅವಳನ್ನೂ ಜಾಲಿಮರದ ಕೆಳಗಿನ ಗುಡಿಸಲಿಗೆ ಕಳಿಸಿದರು. ಮೂರನೆಯ ದಿನವೇ ಚಳಿಗೆ ಕೂಸು ನಡುಗುತ್ತಿದೆ ಎಂದು ಅವಳು ಹೇಳಿ ಕಳಿಸಿದಾಗ, ಅಣ್ಣ ಪೆಟ್ಟಿಗೆ ತೆರೆದು ನನ್ನ ಕೈಬರಹದ ಹಾಳೆ ತೋರಿಸಿದ.

"ಏಳನೇ ದಿನ ಅಂತ ಐತೆ, ನೋಡು."

ಪೆನ್ನು ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ. ಅಜ್ಜಿಯ ದನಿ ನನಗಿಲ್ಲ. ಆದರೂ ಆ ಸೊಸೆಯ ಗುಡಿಸಲ ಬಾಗಿಲಿಗೆ ಹೋಗಿ ನಿಂತು, ಮೂರನೇ ದಿನ ಎಂದು ಹಾಡಲು ಶುರುಮಾಡಿದೆ.